ಕರೆಂಟಿನ ಬ್ರಷ್ಷು ಕೈಯ ತಪ್ಪನ್ನು ತಿದ್ದೀತೇ?

ಹಲ್ಲು–ವಸಡು: ಓದುಗರ ಪ್ರಶ್ನೆ, ದಂತವೈದ್ಯರ ಉತ್ತರ

ಹಲ್ಲುಜ್ಜುವ ಕ್ರಮದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಎಲೆಕ್ಟ್ರಿಕ್ ಬ್ರಷ್ಷನ್ನೇ ಕುರಿತವು. ಆದ್ದರಿಂದ ಈ ಸಲದ ಪುಟಗಳನ್ನು ಆ ಒಂದು ವಿಷಯಕ್ಕೇ ಮೀಸಲಿಟ್ಟಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇನೆ.

ಪ್ರಶ್ನೆ: ದುಬೈಯಲ್ಲಿರುವ ಮಗ ಈ ಬಾರಿ ಊರಿಗೆ ಬರುವಾಗ ನನಗೂ ಹೆಂಡತಿಗೂ ಎಂದು ಎರಡು ಎಲೆಕ್ಟ್ರಿಕ್ ಬ್ರಷ್ ತಂದುಕೊಟ್ಟಿದ್ದಾನೆ. ಒಂದರ ತಲೆ ನಾಣ್ಯದಂತೆ ದುಂಡಗಿದೆ, ಇನ್ನೊಂದರದ್ದು ಸಾದಾ ಬ್ರಷ್ಷಿನಂತೆ ಉದ್ದಕ್ಕಿದೆ. ಎರಡರಲ್ಲಿ ಯಾವುದು ಉತ್ತಮ? ಅರವತ್ತೈದು ವರ್ಷ ಕೈಯಿಂದಲೇ ಉಜ್ಜಿದವನಿಗೆ ಈಗ ಇದರ ಅಗತ್ಯವಾದರೂ ಇದೆಯೇ?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಬಿಜೈ, ಮಂಗಳೂರು

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ನಾವು ಬ್ರಷ್ಷಿನಿಂದ ತೆಗೆಯಬೇಕಾದದ್ದು ಅನ್ನದ ಅಗುಳನ್ನಲ್ಲ. ಅದು ಬಾಯಿ ಮುಕ್ಕಳಿಸಿದರೂ ಹೋಗುತ್ತದೆ. ಹಲ್ಲಿನ ಮೇಲೆ, ಅದರಲ್ಲೂ ಹಲ್ಲು ಮತ್ತು ವಸಡು ಸೇರುವ ಗೆರೆಯ ಮೇಲೆ, ಸೂಕ್ಷ್ಮಾಣುಗಳು ಕಟ್ಟಿಕೊಳ್ಳುವ ಅಂಟು ಲೋಳೆಯ ಪದರವನ್ನು ತೆಗೆಯಬೇಕು. ದಂತವೈದ್ಯರು ಇದನ್ನು ಪ್ಲಾಕ್ ಎನ್ನುತ್ತಾರೆ. ಹುಳುಕಿಗೂ ವಸಡಿನ ಬೇನೆಗೂ ಮೂಲ ಇದೇ. ಇದು ನೀರಿಗೆ ಜಗ್ಗುವುದಿಲ್ಲ, ತಿಕ್ಕಿದರೆ ಮಾತ್ರ ಹೋಗುತ್ತದೆ. ಹೋದರೂ ಮರುದಿನಕ್ಕೆ ಮತ್ತೆ ಕಟ್ಟುತ್ತದೆ. ಬಾಯಿಯ ಪ್ರತಿಯೊಂದು ಮೂಲೆಗೂ ಮೆತ್ತನೆಯ ಬ್ರಷ್ಷನ್ನು ವಸಡಿನ ಕಡೆಗೆ ಸುಮಾರು 45 ಡಿಗ್ರಿ ಓರೆಯಾಗಿ ಹಿಡಿದು, ಸಣ್ಣ ಸಣ್ಣ ಚಲನೆಯಲ್ಲಿ, ದಿನಕ್ಕೆ ಎರಡು ಬಾರಿ ಎರಡೆರಡು ನಿಮಿಷ ಉಜ್ಜುವವರಿಗೆ ಕೈಯ ಬ್ರಷ್ಷೇ ಸಾಕು. ಅಂಥವರು ಎಷ್ಟು ಮಂದಿ ಎಂಬುದು ಬೇರೆ ಮಾತು. ಕನ್ನಡಿಯ ಮುಂದೆ ನಿಂತು ಗಡಿಯಾರ ನೋಡಿ ಒಮ್ಮೆ ಪರೀಕ್ಷಿಸಿಕೊಳ್ಳಿ. ಒಂದು ನಿಮಿಷ ತುಂಬುವ ಮೊದಲೇ ಕೈ ನಿಂತರೆ ಆಶ್ಚರ್ಯಪಡಬೇಡಿ.

ಈ ಯಂತ್ರ ಹುಟ್ಟಿದ್ದೂ ಇಂಥ ಕೊರತೆಯನ್ನು ತುಂಬುವುದಕ್ಕಾಗಿಯೇ. 1954ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ರೂಪುಗೊಂಡ ಬ್ರಾಕ್ಸೊಡೆಂಟ್ ಎಂಬ ಮೊದಲ ಯಶಸ್ವಿ ಎಲೆಕ್ಟ್ರಿಕ್ ಬ್ರಷ್ಷನ್ನು ಕೈಯಲ್ಲಿ ಹಿಡಿತವಿಲ್ಲದ ರೋಗಿಗಳನ್ನೂ ಹಲ್ಲಿಗೆ ತಂತಿ ಕಟ್ಟಿಸಿಕೊಂಡವರನ್ನೂ ಗಮನದಲ್ಲಿಟ್ಟು ಮಾಡಲಾಗಿತ್ತು. ಅದರ ವೈರನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಚುಚ್ಚಬೇಕಾಗಿತ್ತು. ಬಚ್ಚಲಮನೆಯ ತೇವದಲ್ಲಿ ಅದನ್ನು ಬಾಯಿಗಿಟ್ಟುಕೊಳ್ಳುವ ಧೈರ್ಯ ನಮ್ಮವರಲ್ಲಿ ಎಷ್ಟು ಜನರಿಗೆ ಬರುತ್ತಿತ್ತೋ! 1961ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯು ಚಾರ್ಜ್ ಮಾಡಿ ಬಳಸುವ, ವೈರಿಲ್ಲದ ಬ್ರಷ್ಷನ್ನು ತಂದಿತು. ಇಂದು ನಿಮ್ಮ ಮನೆಯಲ್ಲಿರುವ ಎರಡು ಬಗೆಗಳು 1990ರ ದಶಕದ ಆರಂಭದಲ್ಲಿ ನೆಲೆಯೂರಿದವು.

ದುಂಡು ತಲೆಯದ್ದು ಪೂರ್ತಿ ಸುತ್ತು ತಿರುಗುವುದಿಲ್ಲ. ಬೀಗದಲ್ಲಿ ಕೀಲಿಯನ್ನು ಅತ್ತ ಇತ್ತ ತಿರುವಿದಂತೆ ಅರ್ಧಕ್ಕೆ ಹೋಗಿ ಮರಳುತ್ತದೆ. ಹೆಚ್ಚಿನ ಮಾದರಿಗಳಲ್ಲಿ ಇದು ನಿಮಿಷಕ್ಕೆ ಕೆಲವು ಸಾವಿರ ಬಾರಿ ನಡೆಯುತ್ತದೆ, ಜತೆಗೆ ಹಲ್ಲಿನ ಕಡೆಗೆ ಕುಟ್ಟಿದಂತಹ ಸೂಕ್ಷ್ಮ ಮಿಡಿತವೂ ಇರುತ್ತದೆ. ಉದ್ದ ತಲೆಯದ್ದನ್ನು ಸೋನಿಕ್ ಎನ್ನುತ್ತಾರೆ. ಇದರ ಎಳೆಗಳು ಬಲಕ್ಕೂ ಎಡಕ್ಕೂ ನಿಮಿಷಕ್ಕೆ ಸುಮಾರು 31,000 ಬೀಸು ಬೀಸುತ್ತವೆ. ಅತ್ತ ಒಂದು, ಇತ್ತ ಒಂದು ಬೀಸು ಸೇರಿ ಒಂದು ಕಂಪನ ಎಂದು ಎಣಿಸಿದರೆ ಸೆಕೆಂಡಿಗೆ 260ರಷ್ಟು ಕಂಪನ. ಹಾರ್ಮೋನಿಯಂನ ಬಿಳಿ ಒಂದರ ಶ್ರುತಿಗೆ ಇದು ತೀರ ಹತ್ತಿರ. ಯಕ್ಷಗಾನದ ಹಾಡು ಕೇಳಿ ಬೆಳೆದ ಕಿವಿಯವರು ಬೆಳಿಗ್ಗೆ ಬಚ್ಚಲಲ್ಲಿ ಅದನ್ನು ಗುರುತಿಸಿಯಾರು. ಪೆಟ್ಟಿಗೆಯ ಮೇಲಿನ ದೊಡ್ಡ ದೊಡ್ಡ ಸಂಖ್ಯೆಗಳಿಗೆ ಮಾತ್ರ ಮರುಳಾಗಬೇಡಿ. ಒಂದೊಂದು ಕಂಪನಿಯ ಎಣಿಕೆಯ ಕ್ರಮ ಒಂದೊಂದು ಬಗೆ, ಮತ್ತು ಎರಡು ಬಗೆಯ ಚಲನೆಗಳ ಸಂಖ್ಯೆಯನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದರಲ್ಲಿ ಅರ್ಥವೇ ಇಲ್ಲ.

ಇವುಗಳಿಂದ ಪ್ರಯೋಜನವಿದೆಯೇ ಎಂಬುದಕ್ಕೆ ನನಗೆ ಹೆಚ್ಚು ನಂಬಿಕೆಯಿರುವ ಆಧಾರವೆಂದರೆ ವೈದ್ಯಕೀಯ ಪ್ರಯೋಗಗಳನ್ನು ಒಟ್ಟು ಸೇರಿಸಿ ತೂಗಿ ನೋಡುವ ಕೊಕ್ರೇನ್ ಸಂಸ್ಥೆ 2014ರಲ್ಲಿ ಪ್ರಕಟಿಸಿದ ಸಮೀಕ್ಷೆ. 56 ಪ್ರಯೋಗಗಳು, ಅವುಗಳಲ್ಲಿ ಪಾಲ್ಗೊಂಡ 5,068 ಮಂದಿ – ಇವೆಲ್ಲವನ್ನೂ ಒಟ್ಟಿಗೆ ನೋಡಿದಾಗ, ಮೂರು ತಿಂಗಳಿಗಿಂತ ಹೆಚ್ಚು ಕಾಲ ಎಲೆಕ್ಟ್ರಿಕ್ ಬ್ರಷ್ ಬಳಸಿದವರಲ್ಲಿ ಪ್ಲಾಕ್ ಶೇ. 21ರಷ್ಟು, ವಸಡಿನ ಉರಿಯೂತ ಶೇ. 11ರಷ್ಟು ಕಡಿಮೆಯಿತ್ತು. ಇದು ನಿಜವಾದ ಲಾಭವೇ, ಆದರೆ ಜಾಹೀರಾತಿನಲ್ಲಿ ಕಾಣುವ ಪವಾಡವಲ್ಲ. ಪ್ಲಾಕ್ ಇಷ್ಟು ಕಡಿಮೆಯಾದರೆ ಇಪ್ಪತ್ತು ವರ್ಷಗಳಲ್ಲಿ ಎಷ್ಟು ಹಲ್ಲು ಉಳಿಯುತ್ತದೆ ಎಂಬುದನ್ನು ಕೆಲವು ತಿಂಗಳ ಪ್ರಯೋಗಗಳು ಹೇಳಲಾರವು. ಜರ್ಮನಿಯ ಈಶಾನ್ಯ ಭಾಗದಲ್ಲಿ ಜನರನ್ನು 11 ವರ್ಷ ಗಮನಿಸಿದ ಒಂದು ಅಧ್ಯಯನದಲ್ಲಿ ಎಲೆಕ್ಟ್ರಿಕ್ ಬ್ರಷ್ಷಿನವರ ಹಲ್ಲು ಹೆಚ್ಚು ಉಳಿದದ್ದು ಕಂಡುಬಂದಿತು. ಆದರೆ ಅಷ್ಟು ಹಣ ಕೊಟ್ಟು ಬ್ರಷ್ ಕೊಳ್ಳುವವರು ಬೇರೆ ವಿಷಯಗಳಲ್ಲಿಯೂ ಹಲ್ಲಿನ ಕಾಳಜಿ ಇರುವವರೇ ಆಗಿರುವ ಸಾಧ್ಯತೆ ಹೆಚ್ಚಾದ್ದರಿಂದ ಎಲ್ಲ ಶ್ರೇಯಸ್ಸನ್ನೂ ಯಂತ್ರಕ್ಕೆ ಕೊಡುವುದು ಸರಿಯಲ್ಲ.

ಎರಡು ಬಗೆಗಳನ್ನು ಪರಸ್ಪರ ಹೋಲಿಸಿದಲ್ಲಿ ದುಂಡು ತಲೆಗೆ ಅಲ್ಪ ಮೇಲುಗೈ ಕಂಡಿದೆ. ಅದು ನೀವು ಚಿಂತಿಸಬೇಕಾದಷ್ಟು ದೊಡ್ಡದಲ್ಲ, ಮತ್ತು ಇಂಥ ಹೋಲಿಕೆಗಳಲ್ಲಿ ಹಲವಕ್ಕೆ ತಯಾರಕರೇ ಹಣ ಕೊಟ್ಟಿರುವುದನ್ನೂ ನೆನಪಿಡಬೇಕು. ಹೆಚ್ಚು ಮುಖ್ಯವಾದದ್ದು ಬಳಸುವ ಕ್ರಮದ ಭೇದ. ದುಂಡು ತಲೆಯನ್ನು ಒಂದೊಂದು ಹಲ್ಲಿನ ಮೇಲೂ ಎರಡು ಮೂರು ಸೆಕೆಂಡು ನಿಲ್ಲಿಸಿ, ಹಲ್ಲಿನ ಬಾಗಿಗೆ ತಕ್ಕಂತೆ ವಸಡಿನ ಗೆರೆಯುದ್ದಕ್ಕೂ ನಡೆಸಬೇಕು. ಉದ್ದ ತಲೆಯನ್ನು ವಸಡಿಗೆ ಓರೆಯಾಗಿ ಇಟ್ಟು ನಿಧಾನವಾಗಿ ಸರಿಸಿದರೆ ಸಾಕು. ಎರಡನ್ನೂ ಹಳೆಯ ಅಭ್ಯಾಸದಂತೆ ಗರಗಸದ ಹಾಗೆ ಎಳೆಯಬಾರದು; ಕೈಯ ಕೆಲಸ ಬ್ರಷ್ಷನ್ನು ಒಯ್ಯುವುದು ಮಾತ್ರ, ಉಜ್ಜುವುದು ಯಂತ್ರದ ಕೆಲಸ. ದವಡೆಯ ಕೊನೆಯ ಹಲ್ಲಿನ ಹಿಂಬದಿಗೆ ಸಣ್ಣ ದುಂಡು ತಲೆ ಸುಲಭವಾಗಿ ಹೋಗುತ್ತದೆ. ವಸಡು ಜಾರಿ ಬೇರು ಕಂಡು ಹಲ್ಲು ಜುಮ್ಮೆನ್ನುವವರಿಗೆ ಸೋನಿಕ್ ಹಿತವೆನಿಸುವುದುಂಟು. ಗಂಡ ಹೆಂಡತಿ ಒಂದೊಂದನ್ನು ಒಂದು ತಿಂಗಳು ಬಳಸಿ, ಬೇಕಿದ್ದರೆ ತಲೆ ಬದಲಿಸಿಕೊಂಡು ಅದಲುಬದಲು ಮಾಡಿ ನೋಡಿ.

ನನ್ನ ಮಟ್ಟಿಗೆ ಈ ಯಂತ್ರದಲ್ಲಿ ಬೆಲೆಬಾಳುವ ಭಾಗಗಳು ಎರಡೇ. ಒಂದು, ಎರಡು ನಿಮಿಷ ಎಣಿಸುವ ಮತ್ತು ಪ್ರತಿ 30 ಸೆಕೆಂಡಿಗೆ ಸಣ್ಣ ತಡೆ ಕೊಟ್ಟು ಬಾಯಿಯ ಮುಂದಿನ ಕಾಲು ಭಾಗಕ್ಕೆ ಹೋಗಿರೆಂದು ಸೂಚಿಸುವ ಟೈಮರ್. ಇನ್ನೊಂದು, ಒತ್ತಿ ಹಿಡಿದಾಗ ಕೆಂಪು ದೀಪ ಹೊತ್ತಿಸಿಯೋ ವೇಗ ತಗ್ಗಿಸಿಯೋ ಎಚ್ಚರಿಸುವ ಸೆನ್ಸರ್. ಹಲ್ಲಿನ ಕುತ್ತಿಗೆಯಲ್ಲಿ ಕೊಡಲಿ ಏಟಿನಂತೆ ಗುಳಿ ಬಿದ್ದವರನ್ನು ನಾನು ವಾರಕ್ಕೊಬ್ಬರನ್ನಾದರೂ ನೋಡುತ್ತೇನೆ. ಹೆಚ್ಚಿನವರು ತುಂಬ ಶಿಸ್ತಿನವರು. ದಿನಾ ಬಲ ಹಾಕಿ ತಿಕ್ಕಿದವರು. ಅವರ ಕೈಗೆ ‘ಸಾಕು, ಮೆಲ್ಲಗೆ’ ಎಂದು ಹೇಳುವವರು ಯಾರೂ ಇರಲಿಲ್ಲ. ಬ್ಲೂಟೂತ್, ಮೊಬೈಲ್ ಆ್ಯಪ್, ಐದಾರು ಮೋಡ್ ಇವುಗಳಿಗೆ ಹೆಚ್ಚುವರಿ ಹಣ ಕೊಡುವ ಅಗತ್ಯ ನನಗೆ ಕಂಡಿಲ್ಲ.

ಪ್ರಶ್ನೆ: ನನಗೆ 58 ವರ್ಷ, ಸಕ್ಕರೆ ಕಾಯಿಲೆಯಿದೆ. ಎಲೆಕ್ಟ್ರಿಕ್ ಬ್ರಷ್ ಬಳಸತೊಡಗಿದ ನಾಲ್ಕೇ ದಿನಕ್ಕೆ ವಸಡಿನಲ್ಲಿ ರಕ್ತ ಬರುವುದು ಹೆಚ್ಚಾಯಿತು. ಹಲ್ಲು ಅಲುಗಾಡೀತೆಂದು ಮನೆಯವರು ಹೆದರಿಸುತ್ತಿದ್ದಾರೆ. ನಿಲ್ಲಿಸಲೇ?
– ಓದುಗರು, ಕುಂದಾಪುರ

ಉತ್ತರ: ನಿಲ್ಲಿಸಬೇಡಿ, ಆದರೆ ಬ್ರಷ್ಷನ್ನೇ ನಂಬಿ ಕೂರಲೂ ಬೇಡಿ. ಆರೋಗ್ಯವಂತ ವಸಡು ಬ್ರಷ್ ತಾಗಿದ ಮಾತ್ರಕ್ಕೆ ರಕ್ತ ಸುರಿಸುವುದಿಲ್ಲ. ಈವರೆಗೆ ಕೈಯ ಬ್ರಷ್ ತಲುಪದಿದ್ದ ಊದಿದ ವಸಡಿಗೆ ಈಗ ಎಳೆಗಳು ತಾಗುತ್ತಿರುವುದರಿಂದ ಇದ್ದ ಬೇನೆ ಹೊರಗೆ ಕಾಣುತ್ತಿದೆ. ಮೃದು ತಲೆ ಹಾಕಿ, ಕಡಿಮೆ ವೇಗದಲ್ಲಿಟ್ಟು, ಒತ್ತದೆ ಉಜ್ಜಿದರೆ ಪ್ಲಾಕ್‌ನಿಂದ ಮಾತ್ರ ಬಂದ ಉರಿಯೂತ ಒಂದೆರಡು ವಾರಗಳಲ್ಲಿ ಇಳಿಯಬೇಕು. ಯಂತ್ರದ ಕಂಪನಕ್ಕೆ ಗಟ್ಟಿ ಹಲ್ಲು ಸಡಿಲವಾಗುತ್ತದೆ ಎಂಬುದು ಬರಿಯ ಭಯ. ಹಲ್ಲು ಅಲುಗಾಡುವುದು ಅದನ್ನು ಹಿಡಿದ ಮೂಳೆ ಕರಗಿದಾಗ.

ಎರಡು ವಾರಕ್ಕೂ ರಕ್ತ ನಿಲ್ಲದಿದ್ದರೆ ಕಾರಣ ಬಹುಶಃ ವಸಡಿನ ಅಡಿಗೆ ಇಳಿದಿರುವ ಟಾರ್ಟರ್. ತೆಗೆಯದೆ ಬಿಟ್ಟ ಪ್ಲಾಕ್ ಜೊಲ್ಲಿನ ಸುಣ್ಣದ ಅಂಶವನ್ನು ಹೀರಿ, ಬಿಸಿನೀರಿನ ಹಂಡೆಯೊಳಗೆ ಕಟ್ಟುವ ಬಿಳಿ ಪದರದಂತೆ ಗಟ್ಟಿಯಾಗುತ್ತದೆ. ಅದನ್ನು ಕಿತ್ತು ತೆಗೆಯುವ ಶಕ್ತಿ ಲೋಕದ ಯಾವ ಬ್ರಷ್ಷಿಗೂ ಇಲ್ಲ. ದಂತವೈದ್ಯರಲ್ಲಿ ಹಲ್ಲು ಕ್ಲೀನಿಂಗ್ ಮಾಡಿಸಲೇಬೇಕು. ನಿಮ್ಮ ವಿಷಯದಲ್ಲಿ ಇದನ್ನು ಮುಂದೂಡಲೇಬಾರದು. ಸಕ್ಕರೆ ಹತೋಟಿಯಲ್ಲಿಲ್ಲದವರಿಗೆ ವಸಡಿನ ಬೇನೆ ಬೇಗ ಬೆಳೆಯುತ್ತದೆ, ವಸಡಿನ ಬೇನೆಯಿದ್ದವರಿಗೆ ಸಕ್ಕರೆಯ ಹತೋಟಿ ಕಷ್ಟವಾಗುತ್ತದೆ. ಎರಡೂ ಒಂದನ್ನೊಂದು ಕೆಡಿಸುತ್ತವೆ. ಖರ್ಚಿನ ಯೋಚನೆಯಿದ್ದರೆ ಮಣಿಪಾಲ, ಮಂಗಳೂರು, ದೇರಳಕಟ್ಟೆಗಳ ದಂತವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ವಿಚಾರಿಸಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮೊದಲೇ ತಿಳಿಸಿ.

ಪ್ರಶ್ನೆ: ನಾನು ಅಡಿಕೆ ಬೆಳೆಗಾರ. ದಿನಕ್ಕೆ ಏಳೆಂಟು ಬಾರಿ ಎಲೆಯಡಿಕೆ ಹಾಕುವ ಅಭ್ಯಾಸ. ಹಲ್ಲಿನ ಕಲೆ ಎಲೆಕ್ಟ್ರಿಕ್ ಬ್ರಷ್ಷಿಗೆ ಹೋಗುತ್ತದೆಯೇ?
– ಕಾರ್ಕಳದ ಓದುಗರು

ಉತ್ತರ: ಹೊಸದಾಗಿ ಕೂತ ಕಲೆ ಒಂದಿಷ್ಟು ತಿಳಿಯಾದೀತು. ವರ್ಷಗಟ್ಟಲೆ ಕಟ್ಟಿದ ಕೆಂಪುಗಪ್ಪು ಬ್ರಷ್ಷಿಗೆ ಬಗ್ಗುವುದಿಲ್ಲ. ಕ್ಲೀನಿಂಗ್ ಮಾಡಿಸಿದರೆ ಹೋಗುತ್ತದೆ, ಅಭ್ಯಾಸ ಮುಂದುವರಿದರೆ ತಿಂಗಳುಗಳಲ್ಲಿ ಮರಳುತ್ತದೆ. ಆದರೆ ನಿಮ್ಮ ಪತ್ರ ಓದಿದಾಗ ನನಗೆ ಕಲೆಯ ಚಿಂತೆ ಬರಲಿಲ್ಲ. ಅಡಿಕೆಯೇ ಬೆಳೆಯಾಗಿರುವ ನೆಲದಲ್ಲಿ ಕುಳಿತು ಇದನ್ನು ಬರೆಯುವುದು ಕಷ್ಟ, ಬರೆಯದಿದ್ದರೆ ತಪ್ಪು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ತಂಬಾಕು ಸೇರಿಸದ ಅಡಿಕೆಯನ್ನೂ 2004ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಕೆನ್ನೆಯ ಒಳಪದರ ಹಗ್ಗದಂತೆ ಬಿಗಿದು ಬಾಯಿ ತೆರೆಯಲಾಗದಂತೆ ಮಾಡುವ ರೋಗಕ್ಕೂ ಅದೇ ಕಾರಣ. ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಇಟ್ಟು ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ತೂರಿಸಿ ನೋಡಿ. ಬೆರಳುಗಳು ಹೋಗದಿದ್ದರೆ, ಸಾರಿನ ಖಾರಕ್ಕೆ ಬಾಯಿ ಉರಿಯುತ್ತಿದ್ದರೆ, ಎರಡು ವಾರಕ್ಕೂ ಮಾಯದ ಹುಣ್ಣೋ ಬಿಳಿ ಅಥವಾ ಕೆಂಪು ಮಚ್ಚೆಯೋ ಇದ್ದರೆ ಬ್ರಷ್ ಕೊಳ್ಳುವ ಮೊದಲು ಬಾಯಿ ಪರೀಕ್ಷೆ ಮಾಡಿಸಿಕೊಳ್ಳಿ.

ಪ್ರಶ್ನೆ: ಆರು ವರ್ಷದ ಮಗಳು ಟಿವಿಯ ಜಾಹೀರಾತು ನೋಡಿ ಎಲೆಕ್ಟ್ರಿಕ್ ಬ್ರಷ್ ಬೇಕೆಂದು ಹಟ ಮಾಡುತ್ತಿದ್ದಾಳೆ. ಮನೆಯಲ್ಲಿ ಅತ್ತೆಯವರೂ ಇದ್ದಾರೆ. ಪಾರ್ಶ್ವವಾಯುವಿನಿಂದ ಬಲಗೈಗೆ ಶಕ್ತಿ ಕಡಿಮೆ, ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿದ್ದಾರೆ. ಯಾರಿಗೆ ಕೊಡಿಸಬಹುದು?
– ಗೃಹಿಣಿ, ಬ್ರಹ್ಮಾವರ

ಉತ್ತರ: ಒಂದನ್ನೇ ಕೊಳ್ಳುವ ಅನುಕೂಲವಿದ್ದರೆ ಅತ್ತೆಯವರಿಗೆ ಕೊಡಿಸಿ. ಈ ಯಂತ್ರದ ನಿಜವಾದ ಹಕ್ಕುದಾರರು ಅವರು. ಎಡಗೈಯಲ್ಲಿ ಸಾದಾ ಬ್ರಷ್ ಆಡಿಸುವುದು ಕಷ್ಟ. ದಪ್ಪ ಹಿಡಿಯ ಎಲೆಕ್ಟ್ರಿಕ್ ಬ್ರಷ್ಷನ್ನು ಹಲ್ಲಿಗೆ ಇಟ್ಟುಕೊಳ್ಳುವುದಷ್ಟೇ ಆದರೆ ಅವರಿಂದ ಆದೀತು. ನೀವೇ ಉಜ್ಜಿಸಬೇಕಾಗಿ ಬಂದಾಗಲೂ ಕೆಲಸ ಹಗುರ. ಪಾರ್ಶ್ವವಾಯು ಬಡಿದ ಬದಿಯ ಕೆನ್ನೆಯೊಳಗೆ ಅನ್ನ ಉಳಿದುಬಿಡುವುದು ಸಾಮಾನ್ಯ, ಆದ್ದರಿಂದ ಉಜ್ಜುವ ಮೊದಲು ಅಲ್ಲಿ ಬೆರಳಾಡಿಸಿ ನೋಡಿ. ಪೇಸ್‌ಮೇಕರ್ ಇರುವುದರಿಂದ ಹೃದಯದ ವೈದ್ಯರನ್ನು ಒಮ್ಮೆ ಕೇಳಿಕೊಳ್ಳಬೇಕು. ಬ್ರಷ್ಷಿಗಿಂತ ಅದರ ಚಾರ್ಜರಿನ ಕಾಂತಕ್ಷೇತ್ರದ ಬಗ್ಗೆ ಎಚ್ಚರ ಬೇಕು. ಚಾರ್ಜರನ್ನು ಎದೆಯಿಂದ ಕನಿಷ್ಠ ಅರ್ಧ ಅಡಿ ದೂರವಿಡಬೇಕೆಂಬುದು ಸಾಮಾನ್ಯ ಸೂಚನೆ. ಹಲ್ಲಿನ ಸೆಟ್ ಇದ್ದರೆ ಅದನ್ನು ತೆಗೆದು ಬೇರೆ ಬ್ರಷ್ಷಿನಲ್ಲಿ ಸೋಪಿನಿಂದ ತೊಳೆಯಿರಿ.

ಮಗಳಿಗೆ ಮಕ್ಕಳದೇ ಸಣ್ಣ, ಮೆತ್ತನೆಯ ತಲೆಯ ಬ್ರಷ್ ಕೊಡಿಸಲು ಅಡ್ಡಿಯಿಲ್ಲ. ಸಾಮಾನ್ಯವಾಗಿ ಮೂರು ವರ್ಷ ದಾಟಿದವರಿಗೆಂದು ಅವು ಬರುತ್ತವೆ. ಆದರೆ ಏಳೆಂಟು ವರ್ಷದವರೆಗೆ ಮಗುವಿನ ಕೈ ಇನ್ನೂ ಪಳಗಿರುವುದಿಲ್ಲ; ಅವಳು ಉಜ್ಜಿದ ಮೇಲೆ ನೀವು ಇನ್ನೊಮ್ಮೆ ಉಜ್ಜಲೇಬೇಕು, ಮುಖ್ಯವಾಗಿ ರಾತ್ರಿ. ಆರನೆಯ ವರ್ಷದ ಸುಮಾರಿಗೆ ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಹುಟ್ಟುವ ದವಡೆ ಹಲ್ಲು ಶಾಶ್ವತ ಹಲ್ಲು. ಅದು ಬಿದ್ದು ಬೇರೆ ಬರುತ್ತದೆಂದು ತಿಳಿದು ಹುಳುಕಲು ಬಿಟ್ಟ ತಂದೆತಾಯಂದಿರು ನಮ್ಮಲ್ಲಿ ಬಹಳ. ಹುಳುಕು ತಡೆಯುವ ಫ್ಲೋರೈಡ್ ಇರುವ ಪೇಸ್ಟನ್ನು ಬಟಾಣಿ ಕಾಳಿನಷ್ಟು ಮಾತ್ರ ಹಾಕಿ, ಉಗುಳಲು ಕಲಿಸಿ. ಪಾವಗಡ, ಮುಂಡರಗಿ ಕಡೆಯಂತೆ ನಮ್ಮ ಕರಾವಳಿಯ ಬಾವಿನೀರಿನಲ್ಲಿ ಫ್ಲೋರೈಡ್ ಅತಿಯಾಗಿಲ್ಲವಾದ್ದರಿಂದ ಪೇಸ್ಟಿನದಕ್ಕೆ ಹೆದರುವ ಕಾರಣವಿಲ್ಲ.

ಪ್ರಶ್ನೆ: ಹಲ್ಲಿಗೆ ಕ್ಲಿಪ್ ಹಾಕಿಸಿದ್ದೇನೆ. ಎಲೆಕ್ಟ್ರಿಕ್ ಬ್ರಷ್ಷಿಗೆ ಅದು ಕಿತ್ತುಬರುವುದೇ?
– ವಿದ್ಯಾರ್ಥಿನಿ, ಮಣಿಪಾಲ

ಉತ್ತರ: ಒತ್ತದೆ ಬಳಸಿದರೆ ಕಿತ್ತುಬರುವುದಿಲ್ಲ. ತಂತಿಯ ಮೇಲೊಮ್ಮೆ, ಕೆಳಗೊಮ್ಮೆ ಎಂದು ಎರಡು ಸುತ್ತು ಉಜ್ಜಿ. ತಂತಿಯ ಹಿಂದೆ ಯಾವ ದೊಡ್ಡ ಬ್ರಷ್ಷೂ ಹೋಗದು. ಬಾಟಲಿ ತೊಳೆಯುವ ಬ್ರಷ್ಷಿನ ಮರಿಯಂತಿರುವ ಸಂದಿ ಬ್ರಷ್ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಬಳಸಿ. ಕ್ಲಿಪ್ ಇಲ್ಲದ ಓದುಗರಿಗೂ ಈ ಮಾತು ಸಲ್ಲುತ್ತದೆ. ಹಲ್ಲು ಹಲ್ಲಿನ ನಡುವಿನ ಸಂದಿಗೆ ಎಲೆಕ್ಟ್ರಿಕ್ ಬ್ರಷ್ಷಿನ ಎಳೆಯೂ ತಲುಪುವುದಿಲ್ಲ, ಅಲ್ಲಿಗೆ ಫ್ಲಾಸ್ ದಾರವೋ ಸಂದಿ ಬ್ರಷ್ಷೋ ಬೇಕು.

ಪ್ರಶ್ನೆ: ಅಂಗಡಿಯಲ್ಲಿ ಕೆಲವು ನೂರು ರೂಪಾಯಿಯಿಂದ ಹಿಡಿದು ಹತ್ತು ಸಾವಿರ ದಾಟಿದವೂ ಇವೆ. ನಾಲ್ಕು ಜನರ ಮನೆಗೆ ಯಾವುದು ಲೆಕ್ಕಕ್ಕೆ ಬರುತ್ತದೆ? ನಮ್ಮ ಮಳೆಗಾಲದಲ್ಲಿ ಇವು ಬಾಳುತ್ತವೆಯೇ?
– ಸುರತ್ಕಲ್ಲಿನ ಓದುಗರು

ಉತ್ತರ: ಹ್ಯಾಂಡಲಿನ ಬೆಲೆ ಕೇಳುವ ಮೊದಲು ತಲೆಯ ಬೆಲೆ ಕೇಳಿ. ಪ್ರಿಂಟರ್ ಅಗ್ಗವಾಗಿ ಕೊಟ್ಟು ಇಂಕಿನಲ್ಲಿ ಹಣ ಮಾಡುವ ವ್ಯಾಪಾರವೇ ಇಲ್ಲೂ ಇದೆ. ತಲೆಯನ್ನು ಮೂರು ತಿಂಗಳಿಗೊಮ್ಮೆ, ಎಳೆ ಕೆದರಿದರೆ ಅದಕ್ಕೂ ಮೊದಲೇ, ಬದಲಿಸಬೇಕು. ಅಂದರೆ ಒಬ್ಬರಿಗೆ ವರ್ಷಕ್ಕೆ ನಾಲ್ಕು, ನಿಮ್ಮ ಮನೆಗೆ ಹದಿನಾರು. ಒಂದು ತಲೆಗೆ 250 ರೂಪಾಯಿ ಎಂದುಕೊಂಡರೂ ವರ್ಷಕ್ಕೆ 4,000 ಆಯಿತು. ಒಂದು ಕಂಪನಿಯ ತಲೆ ಇನ್ನೊಂದರ ಹಿಡಿಗೆ ಕೂರುವುದಿಲ್ಲ. ನೀವು ಕೊಳ್ಳುವ ಮಾದರಿಯ ತಲೆ ನಿಮ್ಮೂರಿನ ಅಂಗಡಿಯಲ್ಲಿ ಸದಾ ಸಿಗುತ್ತದೆಯೇ ಎಂದು ಖಚಿತ ಮಾಡಿಕೊಳ್ಳಿ. ತಲೆ ಸಿಗದೆ ಕಪಾಟು ಸೇರಿದ ಒಂದು ಬ್ರಷ್ ನಮ್ಮ ಮನೆಯಲ್ಲೇ ಇದೆ. ಅದನ್ನು ಆರಿಸಿದವನು ದಂತವೈದ್ಯ! ಖರ್ಚು ತಗ್ಗಿಸಬೇಕಿದ್ದರೆ ಇಬ್ಬರು ಒಂದು ಹಿಡಿಯನ್ನು ಹಂಚಿಕೊಂಡು ತಲೆ ಮಾತ್ರ ಬೇರೆ ಬೇರೆ ಇಟ್ಟುಕೊಳ್ಳಬಹುದು. ಗುರುತಿಗೆಂದೇ ಹಲವು ತಲೆಗಳ ಬುಡದಲ್ಲಿ ಬಣ್ಣದ ಉಂಗುರವಿರುತ್ತದೆ.

ಪೆನ್ಸಿಲ್ ಸೆಲ್ ಹಾಕುವ ಅಗ್ಗದವು ಸೆಲ್ ಮುಗಿಯುತ್ತ ಬಂದಂತೆ ಸೊರಗುತ್ತವೆ. ಬಳಸುವವರಿಗೆ ಅದು ಗೊತ್ತಾಗುವುದಿಲ್ಲ. ಟೈಮರ್ ಮತ್ತು ಒತ್ತಡದ ಎಚ್ಚರಿಕೆ ಎರಡೂ ಇರುವ, ಚಾರ್ಜ್ ಆಗುವ ಮಾದರಿಗಳಲ್ಲಿ ಎಲ್ಲಕ್ಕಿಂತ ಕಡಿಮೆ ಬೆಲೆಯದನ್ನು ಆರಿಸಿ. ಗಲ್ಫಿನಿಂದ ತರಿಸುವವರು ಇಲ್ಲಿ ವಾರಂಟಿ ನಡೆಯುತ್ತದೆಯೇ, ಪಿನ್ನು ಇಲ್ಲಿನ ಪ್ಲಗ್ಗಿಗೆ ಕೂರುತ್ತದೆಯೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಮಳೆಗಾಲದ ಪ್ರಶ್ನೆ ಕೇಳಿದ್ದಕ್ಕೆ ಸಂತೋಷ, ಏಕೆಂದರೆ ಪೆಟ್ಟಿಗೆಯೊಳಗಿನ ಕೈಪಿಡಿಯನ್ನು ಆಟಿಯ ಮಳೆ ಕಂಡವರು ಬರೆದಿರುವುದಿಲ್ಲ. ಕರೆಂಟು ಹೋದರೆ ಚಿಂತೆಯಿಲ್ಲ. ಒಳ್ಳೆಯ ಲಿಥಿಯಂ ಬ್ಯಾಟರಿ ಒಮ್ಮೆ ತುಂಬಿದರೆ ಒಬ್ಬರಿಗೆ ಎರಡು ವಾರದಷ್ಟು ಬರುತ್ತದೆ. ತೊಂದರೆ ಕೊಡುವುದು ತೇವ. ತಲೆ ಹಿಡಿಗೆ ಕೂರುವ ಜಾಗದಲ್ಲಿ ಪೇಸ್ಟು, ಜೊಲ್ಲು, ನೀರು ಇಳಿದು ಕಪ್ಪು ಲೋಳೆಯಾಗಿ ಬೂಷ್ಟು ಹಿಡಿಯುತ್ತದೆ. ದಿನಾ ತಲೆಯನ್ನು ಕಳಚಿ, ಎರಡನ್ನೂ ನೀರಿನಲ್ಲಿ ತೊಳೆದು, ಕೊಡವಿ, ಬೇರೆ ಬೇರೆಯಾಗಿ ನಿಲ್ಲಿಸಿ ಒಣಗಿಸಿ. ಪ್ಲಾಸ್ಟಿಕ್ ಮುಚ್ಚಳ ಪ್ರಯಾಣಕ್ಕಷ್ಟೇ. ಚಾರ್ಜರನ್ನು ಬಚ್ಚಲಲ್ಲಿ ಇಡದೆ ಕೋಣೆಯಲ್ಲೇ ಇಡಿ. ಗುಡುಗು ಮಿಂಚಿನ ಸಂಜೆಗಳಲ್ಲಿ ಪ್ಲಗ್ ತೆಗೆಯುವವರು ಟಿವಿಯ ಜತೆ ಇದನ್ನೂ ನೆನಪಿಡಲಿ.

ಪ್ರಶ್ನೆ: ನನಗೆ 79. ಬಾಲ್ಯದಿಂದ ಮಾವಿನ ಎಲೆ, ಉಮಿಯ ಕರಿ ಮತ್ತು ಉಪ್ಪಿನಲ್ಲಿ ಹಲ್ಲುಜ್ಜಿದವನು. 24 ಹಲ್ಲುಗಳು ಇನ್ನೂ ಇವೆ. ಮೊಮ್ಮಗ ಎಲೆಕ್ಟ್ರಿಕ್ ಬ್ರಷ್ ತಂದಿಟ್ಟು ಒತ್ತಾಯಿಸುತ್ತಿದ್ದಾನೆ. ಇಷ್ಟು ವರ್ಷ ಕೆಡದ್ದು ಈಗ ಕೆಟ್ಟೀತೇ?
– ಹಿರಿಯ ಓದುಗರು, ಉಡುಪಿ

ಉತ್ತರ: 24 ಹಲ್ಲುಗಳನ್ನು ಇಲ್ಲಿಯವರೆಗೆ ತಂದದ್ದಕ್ಕೆ ಅಭಿನಂದನೆ. ಅದರಲ್ಲಿ ಮಾವಿನ ಎಲೆಯ ಪಾಲು ಎಷ್ಟು, ಹೊತ್ತುಹೊತ್ತಿಗೆ ಉಂಡು ನಡುವೆ ಸಿಹಿ ಮುಟ್ಟದ ನಿಮ್ಮ ಕಾಲದ ಊಟದ ಪಾಲು ಎಷ್ಟು ಎಂದು ಬಿಡಿಸುವುದು ಕಷ್ಟ. ಮಾವಿನ ಎಲೆಯ ಬಗ್ಗೆ ನನ್ನ ತಕರಾರಿಲ್ಲ. ಕರಿ ಮಾತ್ರ ಒರಟು. ಎನಾಮಲ್ ಸವೆದು ಒಳಗಿನ ಹಳದಿ ಪದರ ಕಾಣುತ್ತಿದೆಯೇ ಎಂದು ಯಾರಿಂದಲಾದರೂ ನೋಡಿಸಿ. ಎಪ್ಪತ್ತು ದಾಟಿದ ಮೇಲೆ ವಸಡು ಜಾರಿ ಬೇರು ಹೊರಗೆ ಬರುತ್ತದೆ, ಬಿ.ಪಿ.ಯಂಥ ಕಾಯಿಲೆಗಳ ಕೆಲವು ಮಾತ್ರೆಗಳಿಂದ ಜೊಲ್ಲು ಕಡಿಮೆಯಾಗುತ್ತದೆ. ಎನಾಮಲ್ಲಿನ ಹೊದಿಕೆಯಿಲ್ಲದ ಬೇರು ಆಗ ಬೇಗ ಹುಳುಕುತ್ತದೆ. ಅದಕ್ಕೆ ಬೇಕಾದ ಫ್ಲೋರೈಡ್ ಕರಿಯಲ್ಲಿಯೂ ಇಲ್ಲ, ಉಪ್ಪಿನಲ್ಲಿಯೂ ಇಲ್ಲ. ನಮ್ಮ ದೇಶದ ಫ್ಲೋರೈಡ್ ಪೇಸ್ಟುಗಳಲ್ಲಿ 1,000 ಪಿಪಿಎಂವರೆಗೆ (ಹತ್ತು ಲಕ್ಷ ಭಾಗಕ್ಕೆ ಸಾವಿರ ಭಾಗ) ಅದು ಇರಬಹುದೆಂದು ಕಾನೂನು ಹೇಳುತ್ತದೆ. ಟ್ಯೂಬಿನ ಮೇಲೆ ಬರೆದಿರುತ್ತದೆ.

ಬೆಳಿಗ್ಗೆ ಮಾವಿನ ಎಲೆ ಇರಲಿ, ಕರಿಯನ್ನು ಬಿಡಿ. ರಾತ್ರಿ ಊಟದ ನಂತರ ಮೊಮ್ಮಗ ತಂದುಕೊಟ್ಟ ಬ್ರಷ್ಷಿನಲ್ಲಿ ಸ್ವಲ್ಪ ಪೇಸ್ಟ್ ಹಾಕಿ ಎರಡು ನಿಮಿಷ ಉಜ್ಜಿ, ಉಗುಳಿ, ನೀರಿನಿಂದ ಮುಕ್ಕಳಿಸದೆ ಮಲಗಿ. ಸ್ವಿಚ್ಚನ್ನು ಬ್ರಷ್ ಬಾಯೊಳಗೆ ಹೋದ ಮೇಲೆಯೇ ಒತ್ತಬೇಕು. ಹೊರಗೇ ಒತ್ತಿದರೆ ಪೇಸ್ಟು ಕನ್ನಡಿಗೂ ನಿಮ್ಮ ಕನ್ನಡಕಕ್ಕೂ ಎರಚುತ್ತದೆ.